ತಂತಿಯೊಳಗೆ ಹೊಕ್ಕ ಅಶರೀರವಾಣಿ
(ಸಂಘದ ವಾರ್ಷಿಕೋತ್ಸವ ಸಮಾರಂಭದಲ್ಲಿ ಮಾಡಿದ ಭಾಷಣ)



ಈ ವೇದಿಕೆಯಿಂದ ನಾಲ್ಕು ಮಾತುಗಳನ್ನಾಡಬೇಕೆಂದು ಕಾರ್ಯದರ್ಶಿಗಳು ಅಪ್ಪಣೆ ಮಾಡಿದಾಗ, ಕನ್ನಡ ಪಂಡಿತನಾದ ನಾನು ಕುಮಾರವ್ಯಾಸನನ್ನು ಕುರಿತೋ ಗೋವೆಯ ಕದಂಬರನ್ನು ಕುರಿತೋ ಮಾತನಾಡುವೆನೆಂದು ಅವರು ಎಣಿಸಿದ್ದರೆಂದು ತೋರುತ್ತದೆ. ಅವೆರಡೂ ನನಗೆ ಪ್ರಿಯವಾದ ವಿಷಯಗಳೇ. ಆದರೆ ಇಂದು ನಾನು ಹೇಳಬೇಕೆಂದಿರುವುದು ಬೇರೆ. ಮನೆಯಲ್ಲಿಯೇ ಕಟ್ಟಿದ ಒಂದು ಪುಟ್ಟ ವಿಮಾನ, ಆ ವಿಮಾನದ ಆಟೋಪೈಲಟ್, ಅದರ ತಂತಿಗಳೊಳಗೆ ಕರೆಯದೆ ಹೊಕ್ಕ ರೇಡಿಯೋ ಸದ್ದು, ಆ ಸದ್ದನ್ನು ಹುಡುಕಿ ಹೊರಗಟ್ಟಿದ ಬಗೆ, ಇದು ನನ್ನ ವಿಷಯ. ಪಂಡಿತನಿಗೇಕೆ ಈ ಉಸಾಬರಿ ಎಂದು ತಾವು ಕೇಳಬಹುದು. ಅದಕ್ಕೆ ಕಾರಣವುಂಟು.

ಕಳೆದ ವರ್ಷ ಒಬ್ಬ ಪೋಷಕರು ತಮ್ಮ ಮಗನನ್ನು ನಮ್ಮ ಶಾಲೆಯಿಂದ ಬಿಡಿಸಿಕೊಂಡು ಹೋದರು. ಹುಡುಗ ಜಾಣ. ವರ್ಗಾವಣೆಯ ಪತ್ರವನ್ನು ಕೈಯಲ್ಲಿ ಹಿಡಿದುಕೊಂಡು ಆ ತಂದೆ ನನ್ನೊಡನೆ ಬಹಳ ಸೌಜನ್ಯದಿಂದಲೇ ಹೀಗೆಂದರು: “ಪಂಡಿತರೆ, ತಪ್ಪು ತಿಳಿಯಬೇಡಿ. ಕನ್ನಡದಲ್ಲಿ ಕಥೆ ಹೇಳಬಹುದು, ಹಾಡು ಹಾಡಬಹುದು. ಕೆಟ್ಟ ಯಂತ್ರವನ್ನು ರಿಪೇರಿ ಮಾಡಲಾದೀತೆ?” ನಾನು ಸುಮ್ಮನಾದೆನು. ಸಭ್ಯತೆಗಾಗಿ ಸುಮ್ಮನಾದೆನೆಂದು ಹೇಳಿಕೊಳ್ಳಬಹುದಾಗಿತ್ತು. ನಿಜವೆಂದರೆ ಉತ್ತರ ನನ್ನಲ್ಲಿರಲಿಲ್ಲ.

ಉತ್ತರ ಸಿಕ್ಕಿದ್ದು ನಮ್ಮ ಓಣಿಯಲ್ಲಿಯೇ. ವಾಸ್ಕೋದಲ್ಲಿ ನಮ್ಮ ನೆರೆಮನೆಯಲ್ಲಿ ಧಾರವಾಡದ ಕಡೆಯ ಹಿರಿಯರೊಬ್ಬರಿದ್ದಾರೆ. ದಾಬೋಲಿಯ ನೌಕಾ ವಿಮಾನನೆಲೆಯಲ್ಲಿ ವಿಮಾನಗಳ ತಂತಿಕೆಲಸ ಮಾಡಿ ನಿವೃತ್ತರಾದವರು. ಆ ನೆಲೆಯ ಹೆಸರು ‘ಹಂಸ’ ಎಂಬುದನ್ನು ತಾವೆಲ್ಲ ಬಲ್ಲಿರಿ. 1961ರಲ್ಲಿ ಕೊಯಮತ್ತೂರಿನ ಬಳಿಯ ಸೂಲೂರಿನಲ್ಲಿ ಹುಟ್ಟಿ, ಗೋವೆಯ ವಿಮೋಚನೆಯಾದ ಮೇಲೆ 1964ರಲ್ಲಿ ಇಲ್ಲಿಗೆ ಬಂದದ್ದು ಅದು. ಓಣಿಯವರೆಲ್ಲ ಈ ಹಿರಿಯರನ್ನು ಕಾಕಾ ಎಂದು ಕರೆಯುತ್ತಾರೆ. ನಾನೂ ಹಾಗೆಯೇ ಕರೆಯುತ್ತೇನೆ. ಅವರ ಅಣ್ಣನ ಮಗ ಅಮೆರಿಕೆಯಲ್ಲಿದ್ದಾನೆ. ಆತ ತನ್ನ ಮನೆಯ ಕಾರುಖಾನೆಯಲ್ಲಿ, ಎಂದರೆ ಕಾರು ನಿಲ್ಲಿಸುವ ಕೋಣೆಯಲ್ಲಿ, ರಜೆಯ ದಿನಗಳಲ್ಲಿ ಮಾತ್ರ ಕೆಲಸ ಮಾಡಿ, ಆರು ವರ್ಷಗಳಲ್ಲಿ ಇಬ್ಬರು ಕೂರುವ ವಿಮಾನವೊಂದನ್ನು ಕಟ್ಟಿದ್ದಾನೆ.

ಇದನ್ನು ಕೇಳಿ ಮೊದಲು ನಾನು ನಂಬಲಿಲ್ಲ. ಆದರೆ ಆ ದೇಶದಲ್ಲಿ ಇದು ಹೊಸತಲ್ಲ. ಮನೆಯಲ್ಲಿ ವಿಮಾನ ಕಟ್ಟುವವರು 1953ರಲ್ಲಿ ಮಿಲ್ವಾಕೀ ನಗರದಲ್ಲಿ ಕೂಡಿ ಒಂದು ಸಂಘವನ್ನೇ ಕಟ್ಟಿಕೊಂಡರು. ಅದು ಇಂದಿಗೂ ನಡೆದಿದೆ. ವಿಮಾನದ ಹೆಚ್ಚಿನ ಭಾಗವನ್ನು ಕಟ್ಟಿದವನೇ ತನ್ನ ಕೈಯಾರೆ ಮಾಡಿರಬೇಕು ಎಂಬುದು ಅಲ್ಲಿನ ಸರಕಾರದ ಕಟ್ಟಳೆ. ಬರ್ಟ್ ರುಟಾನ್ ಎಂಬ ಶಿಲ್ಪಿ ಇಂಥವರಿಗಾಗಿಯೇ ಗಾಜಿನ ನಾರು ಮತ್ತು ರಾಳದಿಂದ ಮಾಡುವ ‘ಲಾಂಗ್-ಈಜಿ’ ಎಂಬ ವಿಮಾನವನ್ನು ಯೋಜಿಸಿ 1979ರಲ್ಲಿ ಹಾರಿಸಿದನು. ನಮ್ಮ ಬೆಂಗಳೂರಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯದವರು ನಾರು-ರಾಳದ ಕೆಲಸವನ್ನು ಕೈಗತ ಮಾಡಿಕೊಳ್ಳಲು ಆರಿಸಿಕೊಂಡದ್ದೂ ಅದೇ ಮಾದರಿಯನ್ನೇ. ಅದು 1987ರಲ್ಲಿ ಬೆಂಗಳೂರಿನ ಆಕಾಶದಲ್ಲಿ ಹಾರಿತು. ಆ ಅನುಭವದ ಬೆನ್ನಿಗೆ ಅವರು ತಮ್ಮದೇ ತರಬೇತಿ ವಿಮಾನವನ್ನು ಮಾಡಿ 1993ರ ನವೆಂಬರಿನಲ್ಲಿ ಹಾರಿಸಿದರು. ಅದಕ್ಕಿಟ್ಟ ಹೆಸರೂ ‘ಹಂಸ’ವೇ. ದಾಬೋಲಿಯ ಹಂಸಕ್ಕೂ ಬೆಂಗಳೂರಿನ ಹಂಸಕ್ಕೂ ಹೆಸರಿನ ನಂಟಲ್ಲದೆ ಬೇರೆ ನಂಟಿಲ್ಲ. ಆದರೂ ಕಾಕಾ ಈ ಮಾತು ಬಂದಾಗಲೆಲ್ಲ ನಗುತ್ತಾರೆ.

ಈ ನಾರು-ರಾಳದ ಮಾತನ್ನು ನೆನಪಿನಲ್ಲಿಡಬೇಕೆಂದು ತಮ್ಮನ್ನು ಪ್ರಾರ್ಥಿಸುತ್ತೇನೆ. ಕಥೆಯ ಗಂಟು ಅಲ್ಲಿಯೇ ಇದೆ.

ಆಟೋಪೈಲಟ್ ಎಂದರೆ ಚಾಲಕನ ಕೈಗೆ ಬಿಡುವು ಕೊಡುವ ಉಪಕರಣ. 1914ರಲ್ಲಿ ಪ್ಯಾರಿಸಿನ ಬಳಿ ಲಾರೆನ್ಸ್ ಸ್ಪೆರಿ ಎಂಬ ತರುಣನು ತನ್ನ ವಿಮಾನದಲ್ಲಿ ಕುಳಿತು ಎರಡೂ ಕೈಗಳನ್ನು ಮೇಲೆತ್ತಿ ತೋರಿಸಿದನು. ಅವನ ಜೊತೆಗಾರನು ರೆಕ್ಕೆಯ ಮೇಲೆ ನಡೆದು ಹೋದರೂ ವಿಮಾನ ಸಮತೂಕ ತಪ್ಪಲಿಲ್ಲ. ಅಂದು ಆ ಕೆಲಸವನ್ನು ಮಾಡಿದ್ದು ಗರಗರನೆ ತಿರುಗುವ ಬುಗುರಿಗಳು. ಇಂದು ಅಂಗೈಯಷ್ಟು ಪೆಟ್ಟಿಗೆ ಸಾಕು. ವಿಮಾನ ಎತ್ತ ವಾಲಿತು ಎಂಬುದನ್ನು ಪೆಟ್ಟಿಗೆ ಅರಿಯುತ್ತದೆ. ಅರಿತುದನ್ನು ತಂತಿಯ ಮೂಲಕ ರೆಕ್ಕೆಯಲ್ಲಿರುವ ಸರ್ವೋ ಎಂಬ ಚಿಕ್ಕ ಮೋಟರಿಗೆ ತಿಳಿಸುತ್ತದೆ. ಮೋಟರು ಸರಳನ್ನು ಎಳೆದು ರೆಕ್ಕೆಯನ್ನು ಸರಿಪಡಿಸುತ್ತದೆ. ತಂತಿಯಲ್ಲಿ ಹರಿಯುವ ಈ ಸಂದೇಶ ಬಹಳ ಮೆಲುದನಿಯದು. ಮೆಲುದನಿಯಲ್ಲಿ ಮಾತನಾಡುವವರ ನಡುವೆ ಒಬ್ಬನು ಕೂಗಿದರೆ ಏನಾದೀತೆಂಬುದು ಸಭೆ-ಸಮಿತಿಗಳನ್ನು ಕಂಡ ತಮಗೆ ಗೊತ್ತಿಲ್ಲದ್ದಲ್ಲ.

ಆ ತರುಣನ ವಿಮಾನಕ್ಕೆ ಬಂದ ರೋಗ ಇಂಥದು. ಆಟೋಪೈಲಟ್ಟಿಗೆ ವಿಮಾನವನ್ನು ಒಪ್ಪಿಸಿ ನೆಟ್ಟಗೆ ಹಾರುತ್ತಿರುವಾಗ, ನಿಲ್ದಾಣದವರೊಡನೆ ಮಾತನಾಡಲೆಂದು ರೇಡಿಯೋದ ಗುಂಡಿಯನ್ನು ಒತ್ತಿದ ಕೂಡಲೆ ಬಲರೆಕ್ಕೆ ಮೇಲೆದ್ದು ವಿಮಾನ ಎಡಕ್ಕೆ ವಾಲುತ್ತಿತ್ತು. ಗುಂಡಿ ಬಿಟ್ಟರೆ ತಾನಾಗಿ ಸರಿಹೋಗುತ್ತಿತ್ತು. ಒತ್ತಿದರೆ ವಾಲುವುದು, ಬಿಟ್ಟರೆ ನೇರವಾಗುವುದು. ಹೇಳುವುದಕ್ಕೆ ಇದು ತಮಾಷೆಯಂತೆ ಕೇಳುತ್ತದೆ. ನೆಲಕ್ಕೆ ಇಳಿಯುವ ಹೊತ್ತಿನಲ್ಲಿ, ಕೆಳಗೆ ನೂರೈವತ್ತು ಅಡಿ ಮಾತ್ರ ಉಳಿದಿರುವಾಗ, ಮಾತನಾಡದೆ ಗತಿಯಿಲ್ಲದಿರುವಾಗ, ಇದು ತಮಾಷೆಯಲ್ಲ. ಮೇಲಾಗಿ ಆ ಬೇಸಗೆಯಲ್ಲಿ ಅವನ ತಂದೆ, ಎಂದರೆ ಕಾಕಾ ಅವರ ಅಣ್ಣನವರು, ಎಪ್ಪತ್ತೆಂಟರ ವಯಸ್ಸಿನಲ್ಲಿ ಹಳ್ಳಿಯಿಂದ ಅಲ್ಲಿಗೆ ಹೋಗುವವರಿದ್ದರು. ಮಗ ಕಟ್ಟಿದ ವಿಮಾನದಲ್ಲಿ ಕೂರಬೇಕೆಂಬುದೇ ಆ ಮುದುಕರ ಹಂಬಲ. ಆ ಹಂಬಲ ಕಾಕಾ ಅವರ ನಿದ್ದೆ ಕೆಡಿಸಿತ್ತು.

ಮೂರು ವಾರಗಳ ಕಾಲ, ನಮಗೆ ರಾತ್ರಿ ಒಂಬತ್ತಾದಾಗ, ಟೆಲಿಫೋನು ಬರುತ್ತಿತ್ತು. ಕಾಕಾ ಅವರ ಪಡಸಾಲೆಯಲ್ಲಿ ಕುಳಿತು ನಾನು ಎಲ್ಲವನ್ನೂ ಕೇಳಿಸಿಕೊಂಡೆನು. ಆ ತರುಣನಿಗೆ ಇಂಗ್ಲಿಷ್ ಎರಡನೆಯ ತಾಯಿನುಡಿಯಂತಾಗಿದೆ. ಕಾಕಾ ಅವರಿಗೂ ನೌಕಾಪಡೆಯ ಇಂಗ್ಲಿಷ್ ಬರುತ್ತದೆ. ಆದರೆ ಕಾಕಾನ ಮುಂದೆ ಅವನ ಬಾಯಲ್ಲಿ ಬರುವುದು ಕನ್ನಡವೇ.

“ಗುಂಡಿ ಒತ್ತಿ ಸುಮ್ನ ಕೂತ್ರ ವಾಲತದೋ, ಮಾತಾಡಿದಾಗಷ್ಟ ವಾಲತದೋ?” ಇದು ಕಾಕಾ ಅವರ ಮೊದಲ ಪ್ರಶ್ನೆ.

“ಸುಮ್ನ ಕೂತ್ರೂ ವಾಲತದ ಕಾಕಾ. ಮಾತಾಡಿದ್ರ ಸ್ವಲ್ಪ ನಡುಗತದ.”

ಈ ಒಂದು ಉತ್ತರದಿಂದ ಕಾಕಾ ಅರ್ಧ ದಾರಿ ಸಾಗಿದರು. ನನಗೆ ಏನೂ ತಿಳಿಯಲಿಲ್ಲ. ಫೋನು ಕೆಳಗಿಟ್ಟ ಮೇಲೆ ಅವರು ನನಗೆ ತಿಳಿಸಿ ಹೇಳಿದ ಬಗೆಯನ್ನೇ ತಮಗೂ ಹೇಳುತ್ತೇನೆ.

ನಮ್ಮ ಸಂಘದ ಸಭೆಗಳಲ್ಲಿಯೇ ನಡೆದ ಸಂಗತಿ ಇದು. ಭಾಷಣಕಾರರು ತಮ್ಮ ಮೊಬೈಲನ್ನು ಮೈಕಿನ ಪಕ್ಕದಲ್ಲಿಟ್ಟಿರುತ್ತಾರೆ. ಕರೆ ಬರುವ ಮೊದಲೇ ಧ್ವನಿವರ್ಧಕ ‘ಟರ್ ಟರ್ ಟರ್’ ಎಂದು ಒದರುತ್ತಿತ್ತಲ್ಲವೆ? ಹಳೆಯ ಮಾದರಿಯ ಫೋನುಗಳಲ್ಲಿ ಇದು ಹೆಚ್ಚು. ಧ್ವನಿವರ್ಧಕ ರೇಡಿಯೋ ಅಲ್ಲ. ರೇಡಿಯೋ ಅಲೆಯನ್ನು ಕೇಳುವ ಕೆಲಸವನ್ನು ಯಾರೂ ಅದಕ್ಕೆ ಒಪ್ಪಿಸಿಲ್ಲ. ಆದರೂ ಕೇಳಿಸಿಕೊಳ್ಳುತ್ತದೆ. ಏಕೆಂದರೆ ಮೈಕಿನ ಉದ್ದನೆಯ ತಂತಿಯೇ ಏರಿಯಲ್ ಆಗಿ ಅಲೆಯನ್ನು ಹಿಡಿಯುತ್ತದೆ. ಒಳಗಿನ ಟ್ರಾನ್ಸಿಸ್ಟರು ಅತ್ತಿತ್ತ ತೂಗುವ ಆ ಅಲೆಯ ಒಂದು ಪಾರ್ಶ್ವವನ್ನು ಮಾತ್ರ ಒಳಬಿಟ್ಟು ಇನ್ನೊಂದನ್ನು ತಡೆಯುತ್ತದೆ. ಅತ್ತಿತ್ತ ಸಮವಾಗಿ ತೂಗುತ್ತಿದ್ದುದು ಹೀಗೆ ಒಂದೇ ಕಡೆಗೆ ನೂಕುವ ಒತ್ತಡವಾಗುತ್ತದೆ. ಆಟೋಪೈಲಟ್ಟಿನೊಳಗೂ ನಡೆದದ್ದು ಇದೇ. ‘ವಿಮಾನ ಬಲಕ್ಕೆ ವಾಲಿದೆ’ ಎಂಬ ಸುಳ್ಳು ವರ್ತಮಾನವೊಂದು ಆ ಒತ್ತಡದಿಂದ ಹುಟ್ಟಿತು. ಪೆಟ್ಟಿಗೆ ಅದನ್ನು ನಂಬಿ ಎಡಕ್ಕೆ ತಿರುಗಿಸಿತು. ವಿಮಾನದ ರೇಡಿಯೋದಲ್ಲಿ ಗುಂಡಿ ಒತ್ತಿದ ಮಾತ್ರಕ್ಕೆ ಅಲೆ ಹೊರಡುತ್ತದೆ, ಮಾತು ಆ ಅಲೆಯ ಎತ್ತರವನ್ನು ಏರಿಳಿಸುತ್ತದೆ. ಆದುದರಿಂದಲೇ ಸುಮ್ಮನಿದ್ದರೂ ವಾಲುವುದು, ಮಾತಾಡಿದರೆ ನಡುಗುವುದು. ರೋಗ ರೇಡಿಯೋ ಅಲೆಯದೇ ಎಂಬುದು ಹೀಗೆ ಒಂದು ಪ್ರಶ್ನೆಯಿಂದ ಸಿದ್ಧವಾಯಿತು.

ಇನ್ನು ನಾರು-ರಾಳದ ಮಾತು. ತಗಡಿನ ವಿಮಾನವಾದರೆ ಏರಿಯಲ್ ಹೊರಗೆ, ತಂತಿಗಳು ಒಳಗೆ. ನಡುವೆ ತಗಡಿನ ಗೋಡೆ. ಅಲೆ ಆ ಗೋಡೆಯನ್ನು ದಾಟಲಾರದು. ನಾರು-ರಾಳದ ಮೈಗೆ ಆ ಗುಣವಿಲ್ಲ. ಅಲೆಗೆ ಅದು ಸೊಳ್ಳೆಪರದೆಯಷ್ಟೂ ಅಡ್ಡಿಯಲ್ಲ. ಇಂಥ ವಿಮಾನಗಳಲ್ಲಿ ಏರಿಯಲ್ಲನ್ನೂ ತಾಮ್ರದ ಪಟ್ಟಿಯ ರೂಪದಲ್ಲಿ ಮೈಯೊಳಗೇ ಹುದುಗಿಸುತ್ತಾರೆ. ನೋಟಕ್ಕೆ ಚೆನ್ನ, ಗಾಳಿಗೂ ತಡೆಯಿಲ್ಲ; ಆದರೆ ಕೂಗುವವನನ್ನು ಮನೆಯೊಳಗೇ ಕೂರಿಸಿಕೊಂಡಂತಾಯಿತು. ತಗಡಿನ ಮೈಯಾದರೆ ವಿದ್ಯುತ್ತು ಹಿಂದಿರುಗುವುದಕ್ಕೂ ಅದೇ ದಾರಿ. ಇಲ್ಲಿ ಹೋಗುವುದಕ್ಕೊಂದು, ಬರುವುದಕ್ಕೊಂದು ತಂತಿ ಬೇಕು.

ತರುಣನು ಗಾಬರಿಯಿಂದ ಹೊಸ ಆಟೋಪೈಲಟ್ ಪೆಟ್ಟಿಗೆಯನ್ನೇ ಕೊಳ್ಳಲು ಹೊರಟಿದ್ದನು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಬೇಡವೆಂದು ಕಾಕಾ ತಡೆದರು. ಆಕಾಶದಲ್ಲಿ ಮಾಡುವ ಪರೀಕ್ಷೆ ಸಾಕು, ಇನ್ನು ನೆಲದ ಮೇಲೆ ಎಂಜಿನ್ ನಿಲ್ಲಿಸಿ ಮಾಡು ಎಂದರು. ಎಂಜಿನ್ ನಿಂತಿದ್ದರೂ ಗುಂಡಿ ಒತ್ತಿದಾಗ ಸರ್ವೋದ ತೋಳು ಹಾರಿತು. ಎಂಜಿನ್ನಿನ ಕಿಡಿಗೂ ವಿದ್ಯುತ್ತು ಹುಟ್ಟಿಸುವ ಯಂತ್ರಕ್ಕೂ ಇದರಲ್ಲಿ ಪಾತ್ರವಿಲ್ಲವೆಂದು ಅಲ್ಲಿಗೆ ತೀರಿತು.

ಮರುದಿನದ ಪರೀಕ್ಷೆ ನನಗೆ ಎಲ್ಲಕ್ಕಿಂತ ಹೆಚ್ಚು ಹಿಡಿಸಿದ್ದು. ರೇಡಿಯೋದಿಂದ ಏರಿಯಲ್ಲಿನ ಕೇಬಲ್ಲನ್ನು ಬಿಚ್ಚಿ, ಅದರ ಜಾಗದಲ್ಲಿ ಐವತ್ತು ಓಮ್‌ನ ಒಂದು ರೋಧಕವನ್ನು ಸಿಕ್ಕಿಸುವುದು. ಅದು ರೇಡಿಯೋದ ಶಕ್ತಿಯನ್ನೆಲ್ಲ ನುಂಗಿ ಬಿಸಿಯಾಗುತ್ತದೆಯೇ ಹೊರತು ಹೊರಗೆ ಬಿಡುವುದಿಲ್ಲ. ಕೂಗುವವನ ಬಾಯಿಗೆ ದಿಂಬು ಒತ್ತಿದಂತೆ ಎಂದರು ಕಾಕಾ. ಆಗಲೂ ತೋಳು ಹಾರಿದರೆ ರೋಗ ವಿದ್ಯುತ್ತಿನ ಮೂಲತಂತಿಯ ದಾರಿಯಿಂದ ಬರುತ್ತಿದೆ. ಹಾರದಿದ್ದರೆ ಗಾಳಿಯ ದಾರಿಯಿಂದ, ಎಂದರೆ ಏರಿಯಲ್ ಅಥವಾ ಅದರ ಕೇಬಲ್ಲಿನಿಂದ ಬರುತ್ತಿದೆ. ಹಾರಲಿಲ್ಲ. ಒಂದು ರೋಧಕದಿಂದ ಲೋಕ ಎರಡು ಹೋಳಾಗಿ, ಬೇಡದ ಹೋಳು ಬಿದ್ದುಹೋಯಿತು. ನಾನು ಮೂವತ್ತು ವರ್ಷ ತರ್ಕಶಾಸ್ತ್ರದ ಹೆಸರು ಕೇಳಿದ್ದೇನೆ. ಅನ್ವಯ-ವ್ಯತಿರೇಕಗಳು ಇಷ್ಟು ಕಡಮೆ ಖರ್ಚಿನಲ್ಲಿ ಕೆಲಸ ಮಾಡಿದ್ದನ್ನು ಕಂಡಿರಲಿಲ್ಲ.

ಇಲ್ಲಿ ಕಾಕಾ ಒಮ್ಮೆ ತಪ್ಪಿದರು ಎಂಬುದನ್ನೂ ಹೇಳಬೇಕು. ಅರ್ಥಿಂಗಿನ ತಂತಿಗಳು ಅಲ್ಲಲ್ಲಿ ಬೇರೆ ಬೇರೆ ಕಡೆ ಕೂಡಿರಬೇಕು, ಅದೇ ಮೂಲ ಎಂದು ಅವರ ಎಣಿಕೆ. ನಾಲ್ಕು ದಿನ ಕಷ್ಟಪಟ್ಟು ಆ ಹುಡುಗ ಎಲ್ಲವನ್ನೂ ಎಂಜಿನ್ನಿನ ಹಿಂದಿನ ಗೋಡೆಯ ಒಂದೇ ತಾಮ್ರದ ತುಂಡಿಗೆ ತಂದು ಸೇರಿಸಿದನು. ಕಿವಿಗೆ ಹಾಕಿಕೊಳ್ಳುವ ಹೆಡ್‌ಫೋನಿನಲ್ಲಿದ್ದ ಕುಂಯ್‌ಗುಡುವಿಕೆ ಹೋಯಿತು. ರೆಕ್ಕೆ ಮಾತ್ರ ಏಳುತ್ತಲೇ ಇತ್ತು. “ನಂದ ತಪ್ಪು, ಆದ್ರ ಕೆಲಸ ದಂಡ ಆಗಲಿಲ್ಲ” ಎಂದರು.

ಮುಂದಿನ ಪ್ರಶ್ನೆ: ಎಲ್ಲ ಸಂಖ್ಯೆಗಳಲ್ಲೂ ಒಂದೇ ಸಮ ಹಾರುತ್ತದೆಯೇ? ವಿಮಾನಗಳು ಮಾತಿಗೆ ಬಳಸುವ ಅಲೆಗಳು 118ರಿಂದ 137 ಮೆಗಾಹರ್ಟ್ಸಿನವರೆಗೆ. ಕೆಳಗಿನ ತುದಿಯಲ್ಲಿ ಜೋರಾಗಿ, ಮೇಲಿನ ತುದಿಯಲ್ಲಿ ಸ್ವಲ್ಪವಾಗಿ ಹಾರುತ್ತದೆ ಎಂದನು. 120 ಮೆಗಾಹರ್ಟ್ಸಿನ ಅಲೆಯ ಉದ್ದ ಎರಡೂವರೆ ಮೀಟರು. ಅದರ ಅರ್ಧ, ಕಾಲು ಉದ್ದದ ತಂತಿ ಎಲ್ಲಿದ್ದರೂ ಆ ಅಲೆಗೆ ತಾನಾಗಿ ಶ್ರುತಿಗೂಡುತ್ತದೆ. ಪಕ್ಕದ ಕೋಣೆಯಲ್ಲಿ ಷಡ್ಜ ಹಿಡಿದರೆ ಮೂಲೆಯಲ್ಲಿ ಒರಗಿಸಿಟ್ಟ ತಂಬೂರಿಯ ತಂತಿ ಮಿಡಿಯುವಂತೆ. ಸೀಟಿನ ಹಿಂದಿನ ಸುರಂಗದಲ್ಲಿ ಸರ್ವೋದ ತಂತಿ ಎಷ್ಟು ಉದ್ದ ಹೋಗುತ್ತದೆ ಎಂದು ಕಾಕಾ ಕೇಳಿದರು. ಸುಮಾರು ಒಂದು ಮೀಟರು ಕಾಲು. ಜೊತೆಗೆ ಬೇರೆ ಏನಾದರೂ ಹೋಗುತ್ತದೆಯೇ? ಏರಿಯಲ್ಲಿನ ಕೇಬಲ್. ಎಷ್ಟು ದೂರ ಬಿಟ್ಟು? ಸ್ವಲ್ಪ ಹೊತ್ತು ಆಚೆ ಕಡೆ ಮೌನ.

“ಎರಡೂ ಸೇರಿಸಿ ಕಟ್ಟೀನಿ ಕಾಕಾ. ಛಂದ ಕಾಣಲಿ ಅಂತ.”

ಕಾಕಾ ಬೈಯಲಿಲ್ಲ. ಆದರೆ ಇಷ್ಟರಿಂದಲೇ ಅವರಿಗೆ ಸಮಾಧಾನವಾಗಲಿಲ್ಲ. ಕೇಬಲ್ ಎಂದರೆ ನಡುವೆ ಒಂದು ತಂತಿ, ಸುತ್ತ ಹೆಣೆದ ತಾಮ್ರದ ಕವಚ. ಕವಚ ಗಟ್ಟಿಯಾಗಿದ್ದರೆ ಅಲೆ ಒಳಗೇ ಹರಿಯುತ್ತದೆ, ಪಕ್ಕದವನಿಗೆ ಗೊತ್ತಾಗುವುದಿಲ್ಲ. ಇಲ್ಲಿ ಪಕ್ಕದವನಿಗೆ ಗೊತ್ತಾಗುತ್ತಿದೆ ಎಂದರೆ ಕವಚದಲ್ಲಿ ಎಲ್ಲೋ ಬಿರುಕಿರಬೇಕು. ಏರಿಯಲ್ಲಿನ ಕಡೆಯ ಜೋಡಣೆಯನ್ನು ಬಿಚ್ಚಿ ನೋಡೆಂದರು. ಅಲ್ಲಿ ಕವಚದ ಎಳೆಗಳಲ್ಲಿ ಹೆಚ್ಚಿನವು ತುಂಡಾಗಿ, ನಾಲ್ಕೈದು ಮಾತ್ರ ತಗುಲಿಕೊಂಡಿದ್ದವು. ದಾರಿ ತಪ್ಪಿದ ವಿದ್ಯುತ್ತು ಕೇಬಲ್ಲಿನ ಹೊರಮೈಯ ಮೇಲೆ ಹಿಂದಕ್ಕೆ ಹರಿಯುತ್ತಿತ್ತು. ಕೇಬಲ್ಲೇ ಏರಿಯಲ್ ಆಗಿತ್ತು. ಅಂದವಾಗಿ ಕಟ್ಟಿದ ಕಟ್ಟಿನಿಂದ ಅದರ ಕೂಗು ನೇರವಾಗಿ ಸರ್ವೋದ ಕಿವಿಗೆ ಬೀಳುತ್ತಿತ್ತು.

ಚಿಕಿತ್ಸೆಯ ಭಾಗವನ್ನು ಬೇಗ ಹೇಳಿ ಮುಗಿಸುತ್ತೇನೆ. ರೋಗ ತಿಳಿದ ಮೇಲೆ ಔಷಧ ಕಷ್ಟವಲ್ಲ. ಜೋಡಣೆಯನ್ನು ಹೊಸತಾಗಿ ಮಾಡಿದನು. ಕೇಬಲ್ಲಿನ ಮೇಲೆ ಏರಿಯಲ್ಲಿನ ಬಳಿ ಫೆರೈಟ್ ಎಂಬ ಕಪ್ಪು ಕಾಂತದ್ರವ್ಯದ ಬಳೆಗಳನ್ನು ತೊಡಿಸಿದನು. ಹೊರಮೈಯ ಮೇಲೆ ಹರಿಯಬಯಸುವ ಅಲೆಗೆ ಅವು ಕೆಸರಿನಂತೆ. ಕೇಬಲ್ಲನ್ನು ಬಲಗಡೆಗೂ ಸರ್ವೋದ ತಂತಿಯನ್ನು ಎಡಗಡೆಗೂ ಬೇರ್ಪಡಿಸಿದನು. ಸರ್ವೋದ ಹೋಗುವ ತಂತಿ, ಬರುವ ತಂತಿ ಎರಡನ್ನೂ ಹಗ್ಗ ಹೊಸೆಯುವಂತೆ ಹೊಸೆದನು. ಹೊಸೆದ ಜೋಡಿಗೆ ಹೊರಗಿನ ಅಲೆ ತಾಗಿದರೂ ಎರಡಕ್ಕೂ ಒಂದೇ ಸಮನಾಗಿ ತಾಗುತ್ತದೆ, ಅವುಗಳ ನಡುವಣ ವ್ಯತ್ಯಾಸ ಕೆಡುವುದಿಲ್ಲ. ಅದರ ಮೇಲೆ ಕವಚ. ಕವಚವನ್ನು ಒಂದು ತುದಿಯಲ್ಲಿ ಮಾತ್ರ ಅರ್ಥಿಂಗಿಗೆ ಸೇರಿಸಬೇಕೋ ಎರಡರಲ್ಲೂ ಸೇರಿಸಬೇಕೋ ಎಂದು ಅವರಿಬ್ಬರಲ್ಲಿ ಒಂದು ಇಡೀ ಸಂಜೆ ವಾದ ನಡೆಯಿತು. ಮಂದವಾದ ಗುಂಯ್‌ಗುಡುವಿಕೆಗೆ ಒಂದು ತುದಿ, ರೇಡಿಯೋ ಅಲೆಗೆ ಎರಡೂ ತುದಿ, ಅದೂ ಬಾಲ ಬಿಡದೆ ಮೋಟಾಗಿ ಎಂಬುದು ಕಾಕಾ ಅವರ ತೀರ್ಪು.

ಇದಾದ ಮೇಲೂ ಕಾಕಾ ಎರಡು ಷರತ್ತುಗಳನ್ನು ಹಾಕಿದರು. ಆಟೋಪೈಲಟ್ಟನ್ನು ಕಡಿದುಹಾಕುವ ಗುಂಡಿ ಹಿಡಿಕೆಯ ಮೇಲೆ ಹೆಬ್ಬೆರಳಿಗೆ ಸಿಗುವಂತಿರಬೇಕು. ಸರ್ವೋ ಎಷ್ಟೇ ಜಗ್ಗಿದರೂ ಚಾಲಕನ ಕೈ ಅದನ್ನು ಮೀರಿಸುವಂತೆ ಅದರ ಜಾರುಹಿಡಿತವನ್ನು ಸಡಿಲಿಸಿ ಅಳೆದು ನೋಡಿರಬೇಕು. ಅಷ್ಟಾದ ಮೇಲೆ ಮೊದಲ ಪರೀಕ್ಷೆ ಬಹಳ ಎತ್ತರದಲ್ಲಿ, ಒಬ್ಬನೇ.

ಈ ಮೂರು ವಾರಗಳಲ್ಲಿ ನಾನು ಸುಮ್ಮನೆ ಕೂತಿರಲಿಲ್ಲ. ಪದಗಳನ್ನು ಬರೆದುಕೊಳ್ಳುತ್ತಿದ್ದೆ. ಪಂಡಿತನ ಚಪಲ, ಆಟೋಪೈಲಟ್ಟಿಗೆ ‘ಸ್ವಯಂಚಾಲಿತ ವೈಮಾನಿಕ ನಿಯಂತ್ರಕ’ ಎಂದು ಬರೆದು ಕಾಕಾ ಅವರಿಗೆ ತೋರಿಸಿದೆ. “ಪಂಡಿತರ, ಇದನ್ನ ಹೇಳಿ ಮುಗಿಸೂದ್ರಾಗ ವಿಮಾನ ನೆಲಕ್ಕ ಇಳದಿರತದ” ಎಂದರು. ಆಗ ಪಟ್ಟಿಯನ್ನು ಮತ್ತೊಮ್ಮೆ ನೋಡಿದೆನು. ಸರ್ವೋ, ಕೇಬಲ್, ಏರಿಯಲ್, ಅರ್ಥಿಂಗ್: ವಸ್ತುಗಳ ಹೆಸರುಗಳೆಲ್ಲ ಪರದೇಶದವು. ಆದರೆ ಹೊಸೆಯುವುದು, ಹೆಣೆಯುವುದು, ವಾಲುವುದು, ಜಗ್ಗುವುದು, ಸೋರುವುದು, ತಗುಲುವುದು, ನುಂಗುವುದು, ಮಿಡಿಯುವುದು: ಕೆಲಸಗಳ ಹೆಸರುಗಳಲ್ಲಿ ಒಂದೂ ಎರವಲಿನದಲ್ಲ. ರೋಗವನ್ನು ಹುಡುಕಿದ್ದು ಈ ಎರಡನೆಯ ಪಟ್ಟಿ. ಹೆಸರುಗಳಿಗಾಗಿ ನಾವು ಪಂಡಿತರು ಪಟ್ಟ ಪಾಡಿನಲ್ಲಿ ಕಾಲುಪಾಲನ್ನು ಕ್ರಿಯಾಪದಗಳಿಗಾಗಿ ಪಟ್ಟಿದ್ದರೆ, ನಮ್ಮ ವಿಜ್ಞಾನದ ಪಠ್ಯಪುಸ್ತಕಗಳು ಮಕ್ಕಳಿಗೆ ಇಷ್ಟು ಅಪರಿಚಿತವಾಗುತ್ತಿರಲಿಲ್ಲವೇನೋ.

ರೇಡಿಯೋ, ವಿಮಾನ, ಗೋವೆ, ಕನ್ನಡನಾಡು ಈ ನಾಲ್ಕೂ ಒಟ್ಟುಗೂಡಿದ್ದು ಇದೇ ಮೊದಲಲ್ಲ ಎಂಬುದನ್ನು ಇಲ್ಲಿ ನೆನೆಯದಿರಲಾರೆ. 1955ರ ನವೆಂಬರಿನಿಂದ 1961ರ ಡಿಸೆಂಬರಿನವರೆಗೆ ವಾಮನ ಸರದೇಸಾಯಿ ಮತ್ತು ಲಿಬಿಯಾ ಲೋಬೊ ಇವರು ಗೋವೆಯ ಗಡಿಯಾಚೆಯ ಕಾಡಿನಲ್ಲಿ ಅಡಗಿಕೊಂಡು, ಮೊದಲು ಅಂಬೋಲಿಯಲ್ಲಿ, ಅನಂತರ ನಮ್ಮ ಉತ್ತರ ಕನ್ನಡದ ಕ್ಯಾಸಲ್ ರಾಕಿನಲ್ಲಿ, ಸ್ವಾತಂತ್ರ್ಯದ ರೇಡಿಯೋವನ್ನು ನಡೆಸಿದರು. ಪೋರ್ತುಗೀಜ್ ಮತ್ತು ಕೊಂಕಣಿ ಭಾಷೆಗಳಲ್ಲಿ ಅವರ ದನಿ ಇಲ್ಲಿನ ಮನೆಗಳೊಳಗೆ ಹೊಕ್ಕಿತು; ಆಳುವವರಿಗೆ ಅದೂ ಕರೆಯದೆ ಬಂದ ಸದ್ದೇ. ಕೊನೆಗೆ ವಿಮೋಚನೆಯ ದಿನ ಅವರಿಬ್ಬರೂ ವಿಮಾನವೇರಿ, ಧ್ವನಿವರ್ಧಕದಿಂದ ಗೋವೆ ಸ್ವತಂತ್ರವಾಯಿತೆಂದು ಆಕಾಶದಿಂದಲೇ ಸಾರಿದರು. 2025ರಲ್ಲಿ, ನೂರು ವರ್ಷ ದಾಟಿದ ಲಿಬಿಯಾ ಅವರಿಗೆ ಪದ್ಮಶ್ರೀ ಗೌರವ ಸಂದಿತು.

ಕಥೆಗೆ ಬರುತ್ತೇನೆ. ಎತ್ತರದ ಪರೀಕ್ಷೆ ಮುಗಿಸಿ ಇಳಿದ ರಾತ್ರಿ ಹುಡುಗನ ಫೋನು ಬಂತು. ರೆಕ್ಕೆ ಏಳಲಿಲ್ಲ, ಒಂದೇ ಒಂದು ಸಂಖ್ಯೆಯಲ್ಲಿ, 118ರ ಅತ್ತ ತುದಿಯಲ್ಲಿ, ಕೂದಲೆಳೆಯಷ್ಟು ಅಲುಗಿತು. ಅದನ್ನೂ ಬಿಡಬಾರದೆಂದು ಕಾಕಾ ಪೆಟ್ಟಿಗೆಯ ಬಾಗಿಲಲ್ಲಿ, ಪ್ರತಿ ಸಂದೇಶದ ತಂತಿಗೂ ಅರ್ಥಿಂಗಿಗೂ ನಡುವೆ ಒಂದೊಂದು ಪುಟ್ಟ ಕೆಪಾಸಿಟರನ್ನು ಕೂರಿಸಲು ಹೇಳಿದರು. ನಿಧಾನವಾದ ಸಂದೇಶವನ್ನು ಅದು ಮುಟ್ಟುವುದಿಲ್ಲ, ವೇಗದ ಅಲೆಯನ್ನು ಮಾತ್ರ ನೆಲಕ್ಕೆ ಇಳಿಸುತ್ತದೆ. ಅಲುಗುವುದು ನಿಂತಿತು.

ಅಣ್ಣನವರು ಹೋದರು, ಕೂತರು, ಹಾರಿದರು. ಮೇಲೇರಿ ಆಟೋಪೈಲಟ್ಟಿಗೆ ಒಪ್ಪಿಸಿದ ಮೇಲೆ ಮಗ ತನ್ನ ಎರಡೂ ಕೈಗಳನ್ನು ಮಡಿಲಲ್ಲಿಟ್ಟುಕೊಂಡು, ನಿಲ್ದಾಣದವರೊಡನೆ ಮಾತು ಮುಗಿಸಿ, ಬಲರೆಕ್ಕೆಯ ಕಡೆ ನೋಡಪ್ಪಾ ಎಂದನಂತೆ. ಮುದುಕರು ಬಹಳ ಹೊತ್ತು ನೋಡಿ, “ಅಲ್ಲೇನದ? ಏನೂ ಇಲ್ಲಲ್ಲ” ಎಂದರಂತೆ. ಕಾಕಾ ಇದನ್ನು ಓಣಿಯ ಎಲ್ಲ ಮನೆಗಳಿಗೂ ಹೋಗಿ ಹೇಳಿದರು.

ಆ ಹುಡುಗನನ್ನು ಶಾಲೆ ಬಿಡಿಸಿದ ತಂದೆಯ ಮನೆಗೂ ಹೋಗಿದ್ದರು. ನಾನೂ ಜೊತೆಗಿದ್ದೆ.